ಕೆಳಗಿನ ಹೊಲದ ರಾಗಿ

ಬಿಳಿಕೆರೆ ಸುತ್ತಮುತ್ತ ನನ್ನಷ್ಟು ಲೆಕ್ಕಾಚಾರದ ರೈತ ಇನ್ನೊಬ್ಬನಿಲ್ಲ ಎಂದು ಬಹಳ ಕಾಲದಿಂದ ನಂಬಿಕೊಂಡು ಬಂದವನು ನಾನು. ಹಾಗೆ ನಂಬಿದವನು ನಾನೊಬ್ಬನೇ ಎಂಬುದು ಬೇರೆ ಮಾತು.

ಹೊಲಕ್ಕೆ ಬದು ಹಾಕಿದರೆ ಸರ್ಕಾರ ಸಹಾಯಧನ ಕೊಡುತ್ತದೆ ಎಂದು ತಿಳಿದ ದಿನವೇ ಅರ್ಜಿ ಕೊಟ್ಟೆ. ನಮ್ಮದು ಇಳಿಜಾರು ಹೊಲ. ಮಳೆನೀರು ಮೇಲುಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ಅಡ್ಡಲಾಗಿ ಬದು ಬೇಕೇ ಬೇಕು. ಹಾಕಿಸಿದೆ. ಅಧಿಕಾರಿ ಬಂದು, ಬದುವಿನ ಮೇಲೆ ನನ್ನನ್ನು ನಿಲ್ಲಿಸಿ ಫೋಟೊ ಹೊಡೆದುಕೊಂಡರು. ದುಡ್ಡು ಖಾತೆಗೆ ಬಿದ್ದ ಮೇಲೆ, ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಅದೇ ಬದುವನ್ನು ಮಟ್ಟ ಮಾಡಿಸಿದೆ. ಹೊಗೆಸೊಪ್ಪು ಎರಡು ಸಾಲು ಹೆಚ್ಚಿಗೆ ಬರುತ್ತದಲ್ಲ! ಹೆಂಡತಿ ಸವಿತಾ ಬೇಡವೆಂದಳು.

"ಫೋಟೊದಲ್ಲಿ ಐತಲ್ಲ, ಬುಡು" ಎಂದೆ.

ಕೆಳಗಿನ ಹೊಲ ಚಿಕ್ಕಸಿದ್ದಮ್ಮನದು. ಆಕೆಯೂ ಬದು ಹಾಕಿಸಿದ್ದಳು. ಅದರ ಮೇಲೆ ಹುಲ್ಲು ನೆಟ್ಟು ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದಳು. "ಫೋಟೊ ಆಯ್ತಲ್ಲಕ್ಕ, ಇನ್ನು ಯಾರ್ಗೆ ಸಿಂಗಾರ?" ಎಂದು ನಾಲ್ಕು ಜನರ ಮುಂದೆ ನಕ್ಕೆ.

ಆಮೇಲೆ ನನ್ನ ಇನ್ನೊಂದು ಜಾಣತನ. ಕುರಿಯವರನ್ನು ಕರೆಸಿ ಹೊಲದಲ್ಲಿ ವಾರವೆಲ್ಲ ಮಂದೆ ನಿಲ್ಲಿಸಿದೆ. ಹಿಕ್ಕೆ, ಗಂಜಲ ಬಿದ್ದು ಹೊಲ ಘಮ್ಮೆನ್ನುತ್ತಿತ್ತು. ಅಷ್ಟರಲ್ಲಿ ಮಳೆ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಪಾಲಿಗೆ ಬರೀ ಕಲ್ಲು. ಮಣ್ಣು, ಗೊಬ್ಬರ ಎರಡೂ ಚಿಕ್ಕಸಿದ್ದಮ್ಮನ ಹೊಲಕ್ಕಿಳಿದು, ಅವಳ ಬದುವಿಗೆ ತಡೆದು ನಿಂತಿದ್ದವು. ಅಪ್ಪ ಇಡೀ ಆಯುಸ್ಸು ಹದ ಮಾಡಿದ ಮಣ್ಣು ಅದು. ವಾಪಸ್ ಕೊಡು ಎನ್ನಲು ಬಾಯಾದರೂ ಎಲ್ಲಿತ್ತು? ಆ ವರ್ಷ ನನ್ನ ಹೊಗೆಸೊಪ್ಪು ಮೊಣಕಾಲು ದಾಟಲಿಲ್ಲ.

ರಾಗಿ ಒಕ್ಕಣೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮುದ್ದೆ ಬಲು ರುಚಿಯಾಗಿತ್ತು. ಎರಡನೆಯದಕ್ಕೂ ಕೈ ಹಾಕುತ್ತಾ ಸವಿತಾಳನ್ನು ಕೇಳಿದೆ.

"ಎಲ್ಲೀ ರಾಗಿ ಅಮ್ಮೀ ಇದು?"

"ಸಿದ್ದಕ್ಕ ಒಂದು ಮೂಟೆ ಕಳ್ಸವ್ರೆ. ಗೊಬ್ಬರ ನಿಮ್ದು, ಬಿಟ್ಟಿ ಉಣ್ಣಕೆ ಮನಸ್ಸು ಒಪ್ಪಲ್ಲ ಅಂದ್ರು."

ತುತ್ತು ಗಂಟಲಲ್ಲೇ ನಿಂತಿತು.

"ನುಂಗಿ," ಎಂದಳು ಸವಿತಾ, ಸಾರು ಬಿಡುತ್ತಾ. "ನಮ್ಮ ಮಣ್ಣಲ್ಲೇ ಬೆಳ್ದಿರದು."

ಅವತ್ತೇ ಗುದ್ದಲಿ ಹಿಡಿದು ಹೊಲಕ್ಕೆ ಹೋದೆ. ಈ ಸಲ ಸಹಾಯಧನವೂ ಇಲ್ಲ, ಫೋಟೊವೂ ಇಲ್ಲ. ಬೆವರು ಒರೆಸಿಕೊಳ್ಳಲು ನಿಂತಾಗ ಕೆಳಗಿನಿಂದ ಚಿಕ್ಕಸಿದ್ದಮ್ಮ ಕೂಗಿದಳು:

"ಲೋ ಧರ್ಮೇಂದ್ರ, ಅಷ್ಟೊಂದು ಗಟ್ಟಿಯಾಗಿ ಹಾಕ್ಬ್ಯಾಡ ಕಣ್ಲಾ! ಮುಂದಿನ ವರ್ಸ ನಾನು ಗೊಬ್ಬರಕ್ಕೆ ಎಲ್ಲೋಗ್ಲಿ?"