ಗಂಡಸರಿಲ್ಲದ ಪಂದ್ಯ

ಅಕ್ಕಿ ಗಿರಣಿಗಳ ಹೊಗೆ ಮುಗಿಲಿಗೆ ಮುಟ್ಟುತ್ತಿದ್ದ ಒಂದು ಕಾಲದಲ್ಲಿ, ರಾಯಚೂರಿನಲ್ಲಿ ಒಬ್ಬ ರಾಣಿಯಿದ್ದಳು. ಅವಳ ರಾಜ್ಯವೆಂದರೆ ಹೆಣ್ಣುಮಕ್ಕಳ ಕಾಲೇಜಿನ ಹಿಂದಿನ ಅಂಗಳ. ಅದರ ಎರಡು ತುದಿಗೆ ಎರಡು ಕಂಬ, ಕಂಬಕ್ಕೊಂದು ಕಬ್ಬಿಣದ ಬಳೆ. ಕೊರಳಲ್ಲಿ ಮುತ್ತಿನ ಹಾರದ ಜಾಗದಲ್ಲಿ ಒಂದು ಸೀಟಿ ತೂಗುತ್ತಿತ್ತು. ಹೆಸರು ಆದೆಮ್ಮ. ದೇವದುರ್ಗದ ಕಡೆಯ ಕುರಿಗಾರರ ಮಗಳು, ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್.

ಕಥೆಯ ರಾಣಿಯರಂತೆ ಅವಳೂ ಒಂದು ಮಾತು ಕೊಟ್ಟು ಸಿಕ್ಕಿಕೊಂಡಳು.

ಎಪ್ಪತ್ನಾಲ್ಕನೆಯ ಇಸವಿ. ಅಂಗಳದ ಗೋಡೆಗೆ ಬೆನ್ನು ಕೊಟ್ಟು ಕುಬ್ರಾ ಬೇಗಂ ಎಂಬ ಹಿರಿಯರ ಮನೆಯಿತ್ತು. ಚೆಂಡು ಆಗಾಗ ಗೋಡೆ ಹಾರಿ ಅವರ ಮನೆಯೊಳಗೆ ಬೀಳುತ್ತಿತ್ತು. ಒಂದು ದಿನ ಅದು ತಿರುಗಿ ಬರಲಿಲ್ಲ. ಆದೆಮ್ಮ ಕೇಳಲು ಹೋದಾಗ ಕುಬ್ರಾ ಬೇಗಂ ಚೆಂಡನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಕೂಡು ಬೇಟಿ. ದಿನಾ ಮಧ್ಯಾಹ್ನ ಧಬಾ ಧಬಾ ಅಂತದ. ನಡುನಡುವ ಸೀಟಿ. ಆಮ್ಯಾಲ ಹುಡುಗ್ಯಾರು ಚೀರತಾರ. ಏನ್ ಮಾಡ್ತೀರಿ ಇದನ್ನ ತಗೊಂಡು?”

“ಬಳ್ಯಾಗ ಹಾಕ್ತೀವ್ರಿ ಅಮ್ಮಾ.”

“ಹಾಕಿ?”

“ಕೆಳಗ ಬೀಳತದ್ರಿ. ಮತ್ತ ಹಾಕ್ತೀವಿ.”

ಕುಬ್ರಾ ಬೇಗಂ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಕೇಳಿ ಕೇಳಿ ಸಾಕಾಗೇದ. ನನಗೂ ಒಮ್ಮೆ ತೋರಸು.”

ಅವರು ಪರದೆಯ ಹೆಂಗಸು. ಪಂದ್ಯವೆಂದರೆ ಗಂಡಸರೇ ರೆಫರಿಗಳು. ಪ್ರಾಕ್ಟೀಸ್ ನೋಡಲು ಬರ್ರಿ ಎಂದರೆ ಅದಕ್ಕೆ ಒಪ್ಪಲಿಲ್ಲ. “ಅದು ಹುಡುಗಾಟ. ಖರೇ ಪಂದ್ಯ ಬೇಕು, ಸುರುವಿನಿಂದ ಆಖೀರಿನ ತನಕ.” ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಲತೀಫಾ, ಅದೇ ಕಾಲೇಜಿಗೆ ಆಗಷ್ಟೇ ಸೇರಿದವಳು, ಹಸಿದವರು ರೊಟ್ಟಿ ನೋಡುವ ಹಾಗೆ ಚೆಂಡನ್ನು ನೋಡುತ್ತಿದ್ದಳು. ಅವಳ ನೀಳ ಕೈಗಳನ್ನು ಕಂಡದ್ದೇ ಆದೆಮ್ಮನ ಬಾಯಿಂದ ಮಾತು ಜಾರಿತು.

“ಒಂದು ಗಂಡು ಪಿಳ್ಳಿ ಇಲ್ಲದ ಖರೇ ಪಂದ್ಯ ತೋರಸ್ತೀನ್ರಿ ಅಮ್ಮಾ. ಲತೀಫಾನ್ನ ಆಡಾಕ ಕಳಸ್ರಿ.”

“ಪ್ರಾಕ್ಟೀಸಿಗೆ ಕಳಸ್ತೀನಿ. ಗಂಡಸ್ರ ಮುಂದ ಆಡಂಗಿಲ್ಲ. ನಿನ್ನ ಮಾತು ನಡಸು, ಅವತ್ತು ಆಕಿ ಪಂದ್ಯ ಆಡ್ಲಿ.”

ಲತೀಫಾ ತಪ್ಪದೆ ಬಂದಳು. ಅವಳು ಬಿಟ್ಟ ಚೆಂಡು ಬಳೆಗೆ ಸೋಕದೆ ಇಳಿಯುತ್ತಿತ್ತು. ಪಂದ್ಯದ ದಿನ ಮಾತ್ರ ಉಳಿದವರ ಚಪ್ಪಲಿ, ಕೈಬಳೆ ಕಾಯುತ್ತ ಒಳಗಿನ ಕೋಣೆಯಲ್ಲಿ ಕೂರುತ್ತಿದ್ದಳು. ಹಾಗೆಯೇ ಬಿ.ಎ. ಮುಗಿಯಿತು. ಒಂದೂ ಪಂದ್ಯ ಆಡದೆ ಅವಳು ಮಾನ್ವಿಯಲ್ಲಿ ಉರ್ದು ಶಾಲೆಯ ಟೀಚರ್ ಆಗಿ ಹೋದಳು. ಬೀಳ್ಕೊಡುವ ದಿನ ಆದೆಮ್ಮ ಅವಳ ಮುಖ ನೋಡಲಾರದೆ ಚೆಂಡಿಗೆ ಗಾಳಿ ತುಂಬುತ್ತ ಕೂತಿದ್ದಳು.

ಪಂದ್ಯಕ್ಕೆ ಇಬ್ಬರು ರೆಫರಿ ಬೇಕು. ತನ್ನ ತಂಡಕ್ಕೆ ತಾನೇ ಸೀಟಿ ಊದಿದರೆ ಅದು ಖರೇ ಪಂದ್ಯವಾಗದು. ಹೆಣ್ಣು ರೆಫರಿಗಳು ಎಲ್ಲಿಯೂ ಸಿಗದಿದ್ದರೆ ಇಲ್ಲೇ ಬೆಳೆಸಬೇಕೆಂದು ಆದೆಮ್ಮ ಹಟ ಹಿಡಿದಳು. ಆದರೆ ಸೀಟಿ ಎಂದರೆ ಟಾಕೀಸಿನ ಮುಂದೆ ಪುಂಡರು ಹೊಡೆಯುವುದು. ಬಾಯಿಗಿಡಲು ಹುಡುಗಿಯರು ನಾಚುತ್ತಿದ್ದರು. ಮಲ್ಲಟದ ಕೂಲಿಯವರ ಮಗಳು ಅಮರಮ್ಮ ಮೊದಲು ಕೈ ಚಾಚಿದಳು. ಅವಳಿಗೆ ಚೆಂಡು ಹಿಡಿಯಲು ಕಲಿಸಿದ್ದು ಸೀನಿಯರ್ ಆಗಿದ್ದ ಲತೀಫಾ. ಅಮರಮ್ಮನಿಗೆ ನಿಯಮಗಳೆಲ್ಲ ಬಾಯಿಪಾಠ. ಆದರೆ ಫೌಲ್ ಕಂಡಾಗ ಸೀಟಿ ತುಟಿಯಲ್ಲೇ ಉಳಿಯುತ್ತಿತ್ತು, ತಪ್ಪು ಮಾಡಿದವಳ ಹತ್ತಿರ ಹೋಗಿ ಮೆಲ್ಲಗೆ, “ಅಕ್ಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈ ಆಕಿಗಿ ಬಡೀತು” ಎನ್ನುತ್ತಿದ್ದಳು.

“ಬೇ ಅಮರಿ, ಬೀಗರನ್ನ ಊಟಕ್ಕ ಕರ್ಯಾಕತ್ತಿಯೇನು? ಊದು.”

“ದೊಡ್ಡಾಕಿ ಅದಾಳ್ರಿ ಮೇಡಂ. ಹೆಂಗ ಊದ್ಲಿ?”

“ನಮ್ಮಪ್ಪ ಸೀಟಿ ಹೊಡದ್ರ ಟಗರೂ ತಿರಗತಿತ್ತು, ಮರೀನೂ ತಿರಗತಿತ್ತು. ಯಾರು ದೊಡ್ಡವರು ಅಂತ ಅವೇನು ಕೇಳ್ತಿದ್ದಿಲ್ಲ.”

ಅಮರಮ್ಮ ಮೊದಲು ಕಾಗೆಗಳ ಮೇಲೆ ಊದಿ ಕಲಿತಳು. ಆಮೇಲೆ ಹೊಸ ಹುಡುಗಿಯರ ಮೇಲೆ. ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ಇಂಜಿನಿಯರರ ಹೆಂಡಂದಿರು ಆಡುವಾಗ ಅವರ ಮೇಲೂ ಊದಿ ಬಂದು, “ಅಂಜಿಕಿ ಆತ್ರಿ ಮೇಡಂ, ಆದ್ರ ಊದಿದೆ” ಎಂದಳು. ಅವಳೂ ಅವಳ ಹಿಂದೆಯೇ ಸೀಟಿ ಹಿಡಿದ ದೇವದುರ್ಗದ ದುರುಗಮ್ಮನೂ ರೆಫರಿ ಪರೀಕ್ಷೆ ಪಾಸಾಗುವ ಹೊತ್ತಿಗೆ ಆದೆಮ್ಮನ ತಲೆಯಲ್ಲಿ ಬಿಳಿಕೂದಲು ಇಣುಕಿದ್ದವು. ಎಂಬತ್ತಾರು ಬಂದಿತ್ತು.

ಆದೆಮ್ಮ ಮಾನ್ವಿಯ ಬಸ್ ಹತ್ತಿದಳು.

“ಹಳೇ ಹುಡುಗ್ಯಾರು ಈಗಿನವರ ಮ್ಯಾಲ ಆಡ್ತಾರ. ಬಾ.”

“ಎರಡು ಮಕ್ಕಳ ತಾಯಿ ನಾನು,” ಎಂದಳು ಲತೀಫಾ. “ಓಡಾಕ ಆಗ್ತದ್ರಿ ಮೇಡಂ?”

“ಓಡಾಕ ಆಗಲಿಲ್ಲಂದ್ರ ನಿಂತು ಹಾಕು.”

ಪಂದ್ಯದ ದಿನ ಕಾವಲುಗಾರ ಹುಲಿಗೆಪ್ಪ ಗೇಟಿನಲ್ಲಿ ಮುಖ ಸಣ್ಣದು ಮಾಡಿಕೊಂಡ. “ನಾನೂ ಗಂಡಸರ ಲೆಕ್ಕಕ್ಕ ಬರ್ತೀನೇನ್ರಿ ಮೇಡಂ? ಮನ್ಯಾಗ ಯಾರೂ ಹಂಗ ತಿಳಕೊಂಡಿಲ್ಲ.”

“ಇವತ್ತು ಸಂಜಿತನಕ ಬರ್ತೀ. ಹೊರಗ ಕೂಡು.”

ಕುಬ್ರಾ ಬೇಗಂ ಆದೆಮ್ಮನ ಕೈ ಹಿಡಿದು ಬಂದರು. ಸುತ್ತ ಎರಡು ಸಲ ನೋಡಿದರು. ಆಮೇಲೆ ಬುರ್ಖಾ ತೆಗೆದು ಮಡಚಿ, ಬಿಸಿಲಿಗೆ ಬಿಳಿ ತಲೆ ಬಿಟ್ಟುಕೊಂಡು ಕುರ್ಚಿಯಲ್ಲಿ ಕೂತರು.

ಲತೀಫಾಳ ಕಾಲು ಭಾರವಾಗಿದ್ದವು, ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಒಂದೊಂದು ಚೆಂಡು ಇಳಿದಾಗಲೂ ಕುಬ್ರಾ ಬೇಗಂ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಆದರೆ ಎಳೆಯ ಹುಡುಗಿಯರ ಓಟಕ್ಕೆ ಸಾಟಿಯಾಗದೆ ಲತೀಫಾಳ ಕೈ ಅವರ ಮೈಗೆ ತಾಗಿ ನಾಲ್ಕು ಫೌಲ್ ಆದವು. ಐದಾದರೆ ಹೊರಗೆ. ಹನ್ನೆರಡು ವರ್ಷ ಕಾದು ಆಡಿದ ಒಂದೇ ಪಂದ್ಯ, ಎರಡೂ ಕಡೆ ಅಂಕ ಸಮ, ಉಳಿದದ್ದು ಕೆಲವೇ ನಿಮಿಷ.

ಆಗಲೇ ಬಳೆಯ ಕೆಳಗೆ ಲತೀಫಾಳ ಮೊಳಕೈ ಒಬ್ಬ ಹುಡುಗಿಗೆ ಬಡಿಯಿತು. ಹುಡುಗಿ ಬಿದ್ದಳು. ಅಮರಮ್ಮ ಮೂರು ಮಾರು ದೂರದಲ್ಲಿದ್ದಳು. ಸೀಟಿ ತುಟಿಯಲ್ಲಿತ್ತು. ಅವಳ ಕಣ್ಣು ಲತೀಫಾಳ ಮೇಲೆ ನಿಂತಿತು, ಅಲ್ಲಿಂದ ಆದೆಮ್ಮನ ಕಡೆ ತಿರುಗಿತು. ಊದಬೇಡ ಎಂದು ಆದೆಮ್ಮ ಒಳಗೊಳಗೇ ಬೇಡಿಕೊಂಡಳು. ಊದದಿದ್ದರೆ ಕುಬ್ರಾ ಬೇಗಂ ನೋಡಿದ್ದು ಹುಡುಗಾಟವೇ. ಆದೆಮ್ಮ ಕಣ್ಣು ನೆಲಕ್ಕೆ ಹಾಕಿದಳು.

ಸೀಟಿ ಕೇಳಿಸಿತು. ಉದ್ದಕ್ಕೆ, ಗಟ್ಟಿಯಾಗಿ. ಅಮರಮ್ಮ ಐದು ಬೆರಳು ಎತ್ತಿ ಹಿಡಿದಿದ್ದಳು. ಅಕ್ಕಾ ಎನ್ನಲಿಲ್ಲ.

ಲತೀಫಾ ಬಿದ್ದ ಹುಡುಗಿಯನ್ನು ಎಬ್ಬಿಸಿ, ಬೆವರು ಒರೆಸಿಕೊಳ್ಳುತ್ತ ಬಂದು ಅಜ್ಜಿಯ ಕಾಲ ಬಳಿ ಕೂತಳು.

“ಯಾಕ ಬಂದಿ?”

“ಹೊರಗ ಹಾಕಿದ್ರು ದಾದಿ. ಐದು ಫೌಲ್ ಆದ್ವು.”

“ನೀನಾ ಮಾಡಿದ್ದು?”

“ಹೂಂ.”

“ಹಂಗಾದ್ರ ಸುಮ್ನ ಕೂಡು.” ಕುಬ್ರಾ ಬೇಗಂ ಒದ್ದೆಯಾದ ಆ ತಲೆಯ ಮೇಲೆ ಕೈಯಿಟ್ಟರು.

ಆದೆಮ್ಮ ಹತ್ತಿರ ಬಂದು ಕೇಳಿದಳು: “ಬಿಸಲು ಭಾಳ ಅದ. ಒಳಗ ಹೋಗೂಣೇನ್ರಿ ಅಮ್ಮಾ? ಲತೀಫಾನ ಆಟ ಮುಗೀತು.”

“ಪಂದ್ಯ ಮುಗೀತಾ?”

“ಇನ್ನೂ ಇಲ್ರಿ.”

“ಮತ್ತ ಸರಿ ಅತ್ತಾಗ. ಕಾಣವಲ್ದು.”

ಆದೆಮ್ಮ ಸರಿದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಕೊನೆಯ ಚೆಂಡು ಬಳೆಯ ಮೇಲೆ ಸುತ್ತಿ ಹೊರಗೆ ಬಿತ್ತು. ಹಳೇ ಹುಡುಗಿಯರು ಒಂದೇ ಅಂಕದಿಂದ ಸೋತರು. ದುರುಗಮ್ಮ ಆಟ ಮುಗಿದ ಸೀಟಿ ಊದಿದಳು. ಅಲ್ಲಿಯತನಕ ಕುಬ್ರಾ ಬೇಗಂ ಕುರ್ಚಿ ಬಿಟ್ಟು ಕದಲಲಿಲ್ಲ.