ವಿಶಾಲವಾದ ಕೋಣೆ, ಒಳ್ಳೆಯ ಬೆಳಕು

ಬಿಸಿಲು ಕಿಟಕಿಯ ಎಡಗಡೆ ಸರಳಿಗೆ ಬಂತು, ಇನ್ನು ಹತ್ತು ನಿಮಿಷಕ್ಕೆ ನೆಲಕ್ಕಿಳಿಯುತ್ತದೆ, ಆಗ ಕೋಣೆಯ ಕಳೆಯೇ ಬೇರೆ — ಬೇರೆಯವರ ಮನೆಯಾದರೆ ಬೆಳಕಿಗಾಗಿ ಕಾದು ಕೂರಬೇಕು, ಇಲ್ಲಿ ಹನ್ನೊಂದು ವರ್ಷದಿಂದ ಇದೇ ಬಿಸಿಲಲ್ಲಿ ತಲೆ ಒಣಗಿಸಿಕೊಂಡಿದ್ದಾಳೆ, ತನ್ನ ಮನೆಯ ಬಿಸಿಲು ತನಗೆ ಗೊತ್ತಿಲ್ಲವೇ, ತನ್ನ ಮನೆ, ಹೂಂ, ತನ್ನ ಮನೆಯಂತೆ. ಬಾಡಿಗೆ ಮನೆಗಳ ಜಾಹೀರಾತಿಗೆ ಫೋಟೋ ತೆಗೆಯುವುದು ಅವಳ ಕೆಲಸ, ಏಜೆನ್ಸಿಯಿಂದ ದಿನಾ ಬೆಳಿಗ್ಗೆ ಫೋನಿಗೆ ವಿಳಾಸಗಳ ಪಟ್ಟಿ ಬರುತ್ತದೆ, ಇವತ್ತು ಹಲ್ಲುಜ್ಜುತ್ತಾ ಓದುತ್ತಿದ್ದವಳಿಗೆ ನಾಲ್ಕನೆಯದಕ್ಕೆ ಬಂದಾಗ ಬ್ರಷ್ಷು ಬಾಯಲ್ಲೇ ನಿಂತಿತು, ಆ ಬೀದಿ, ಆ ಕಟ್ಟಡ, ಮೂರನೇ ಮಹಡಿ, ಎಡಗಡೆ ಬಾಗಿಲು, ಮುಂದಿನ ತಿಂಗಳು ಖಾಲಿಯಾಗಲಿದೆ, ಬಾಡಿಗೆ ತಾನು ಕೊಡುತ್ತಿರುವುದರ ಒಂದೂವರೆ ಪಟ್ಟು. ಹೋದ ವಾರ ತಾನೇ, ಮನೆ ಖಾಲಿ ಮಾಡಿ ಅಂದದ್ದಕ್ಕೆ ಓನರ್ ಮುಂದೆ ನಿಂತಿದ್ದಳು, ಕಾಲು ಹಿಡಿಯುವುದೊಂದು ಬಾಕಿ, ಆರು ತಿಂಗಳು ಟೈಮ್ ಕೊಡಿ ಸರ್, ಅಪ್ಪನ ಮಂಡಿ ಆಪರೇಷನ್ ಒಂದು ಮುಗೀಲಿ, ಈಗ ಅವರು ಮೆಟ್ಟಿಲು ಇಳಿಯೋ ಸ್ಥಿತೀಲೇ ಇಲ್ಲ, ಅವನು ಗಡ್ಡ ಕೆರೆದುಕೊಂಡು ನೋಡೋಣಮ್ಮ ಅಂದ, ಎಷ್ಟು ಮರ್ಯಾದೆಯ ಮಾತು, ಅದನ್ನು ನಂಬಿಕೊಂಡು ಅವಳು ಒಂದು ವಾರ ನೆಮ್ಮದಿಯಾಗಿ ಓಡಾಡಿಕೊಂಡಿದ್ದಳಲ್ಲ, ಅದನ್ನು ನೆನೆದರೇ ಮೈ ಉರಿಯುತ್ತದೆ.

ಏಜೆನ್ಸಿಯ ಮೇನೇಜರಿಗೆ ಫೋನ್ ಮಾಡಿದಳು, ಮೇಡಂ, ನಾಲ್ಕನೇದು ನನ್ನ ಮನೆ, ನಾನೇ ಇದೀನಿ ಇದರಲ್ಲಿ — ಅಯ್ಯೋ ಹೌದಾ, ಹಾಗಾದ್ರೆ ಬೀಗದ ಕೈ ಹುಡುಕೋ ತಾಪತ್ರಯ ಇಲ್ಲ ಬಿಡಿ, ನಕ್ಕಳು ಮಹಾತಾಯಿ, ಆಮೇಲೆ ದನಿ ಇಳಿಸಿ, ರೇಟು ನಾವಿಡಲ್ಲಮ್ಮ, ಓನರ್ ಕೇಳ್ತಾರೆ, ನೀವು ಬರಲ್ಲ ಅಂದ್ರೆ ಇನ್ನೊಬ್ಬರನ್ನ ಕಳಿಸ್ತೀನಿ, ನಾಳೆಯಿಂದ ಪಟ್ಟೀನೂ ಅವರಿಗೇ. ಓನರಿಗೆ ಮಾಡಿದರೆ, ನಾನೆಲ್ಲಿ ಇಡ್ತೀನಮ್ಮ ರೇಟು, ಮಾರ್ಕೆಟ್ ಹಾಗಿದೆ, ರೈಲ್ವೆ ಸ್ಟೇಷನ್ ಬೇರೆ ಬಂತು, ಎದುರು ಕಟ್ಟಡದ ಎರಡನೇ ಮಹಡಿ ಎಷ್ಟಕ್ಕೆ ಹೋಯ್ತು ನೀವೇ ನೋಡಿ. ಸ್ಟೇಷನ್ ಬಂತಂತೆ, ಅವನ ತಾತ ಕಟ್ಟಿಸಿದನೇ, ಎರಡು ವರ್ಷ ಆ ಕಾಮಗಾರಿಯ ಧೂಳು ಕುಡಿದವರು ತಾವು, ರಾತ್ರಿಯೆಲ್ಲ ಕೆಮ್ಮಿದವನು ಅಪ್ಪ, ಧೂಳು ತಮ್ಮ ಪಾಲಿಗೆ, ಸ್ಟೇಷನ್ನು ಅವನ ಪಾಲಿಗೆ, ಸೋರುವ ನಲ್ಲಿಗೆ ವಾಷರ್ ಹಾಕಿಸಿದವಳು ತಾನು, ಗೋಡೆಗೆ ಬಣ್ಣ ಬಳಿದವಳು ತಾನು, ಪಟ್ಟಿಯಲ್ಲಿ ಮಾತ್ರ 'ಸುಸ್ಥಿತಿಯಲ್ಲಿರುವ ಮನೆ', ಸುಸ್ಥಿತಿಯಲ್ಲಿಟ್ಟದ್ದಕ್ಕೆ ದಂಡ. ಅದಿರಲಿ, ಯಾರಪ್ಪ ಈ ಮಾರ್ಕೆಟ್ಟು, ಎಲ್ಲರೂ ಅದರ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ, ಅದಕ್ಕೊಂದು ಮನೆಬಾಗಿಲು ಅಂತ ಇದ್ದಿದ್ದರೆ ಹೋಗಿ ನಾಲ್ಕು ಮಾತು ಬೈದು ಬರಬಹುದಿತ್ತು — ಆದರೆ ಎದುರು ಕಟ್ಟಡದ ಎರಡನೇ ಮಹಡಿ, ಅಯ್ಯೋ, ಆ ಫೋಟೋ ತೆಗೆದವರು ಯಾರು, ತಾನೇ, ಮೂಲೆಗೆ ಬೆನ್ನು ಒತ್ತಿ, ಮಂಡಿಯೂರಿ, ಅಗಲದ ಲೆನ್ಸು ಹಾಕಿ, ಕೈ ಚಾಚಿದರೆ ಎರಡು ಗೋಡೆಗೂ ತಾಕುವ ಕೋಣೆಯನ್ನು ಮದುವೆ ಹಾಲ್ ಮಾಡಿಟ್ಟಿದ್ದಳು, ಎರಡೇ ದಿನಕ್ಕೆ, ಕೇಳಿದ ರೇಟಿಗೆ ಹೋಯಿತು, ಮೇನೇಜರ್ ಭೇಷ್ ಅಂದಳು, ಇವಳು ಹಿರಿಹಿರಿ ಹಿಗ್ಗಿದಳು. ಆ ರೇಟು ನೋಡಿಯೇ ಈ ಓನರಿಗೆ ಬಾಯಲ್ಲಿ ನೀರೂರಿದ್ದು.

ಸಾಮಾನು ಕಾಣಬಾರದು, ಮನುಷ್ಯರು ಕಾಣಬಾರದು, ಅದು ಏಜೆನ್ಸಿಯ ಕಟ್ಟುನಿಟ್ಟು. ಅಪ್ಪನ ಮಂಚ, ಅಪ್ಪನ ಹೊಲಿಗೆ ಮೆಷಿನ್, ಅರ್ಧ ಹೊಲಿದ ಶರ್ಟುಗಳ ಗಂಟು, ಎಲ್ಲ ಎಳೆದೆಳೆದು ಪ್ಯಾಸೇಜಿಗೆ ಹಾಕಿದ್ದಾಳೆ, ಅಪ್ಪ ಅಲ್ಲೇ ಮಂಚದ ಮೇಲೆ ಕಾಲು ನೀಡಿ ಕೂತಿದ್ದಾನೆ, ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ನನ್ನನ್ನೇ ಗುಡಿಸಿ ಹಾಕಿದ್ಯಲ್ಲ — ಧೂಳು ಹೊಡೀಬೇಕಪ್ಪ, ಸ್ವಲ್ಪ ಹೊತ್ತು. ವಿಷಯ ಹೇಳಿಲ್ಲ, ಹೇಗೆ ಹೇಳುವುದು, ನಲವತ್ತು ವರ್ಷ ಟೈಲರ್ ಆಗಿದ್ದವನು, ಬಾಗಿಲಲ್ಲಿ ನಿಂತ ಗಿರಾಕಿಯ ಎದೆ ಇಷ್ಟು ಸೊಂಟ ಇಷ್ಟು ಅಂತ ಬರೀ ಕಣ್ಣಲ್ಲೇ ಹೇಳುವವನು, ಮಗಳ ಮುಖದಲ್ಲಿ ಅರ್ಧ ಇಂಚು ವ್ಯತ್ಯಾಸವಾದರೂ ಹಿಡಿದುಬಿಡುತ್ತಾನೆ, ಅದಕ್ಕೇ ಅವಳು ಮುಖ ತಿರುಗಿಸಿಕೊಂಡೇ ಗುಡಿಸಿದಳು. ಇರಲಿ, ಈ ಫೋಟೋವನ್ನು ಹಾಳು ಮಾಡಿಯೇ ಮಾಡುತ್ತಾಳೆ, ಎದ್ದು ನಿಂತು, ಸಾದಾ ಲೆನ್ಸಿನಲ್ಲಿ, ಸೀಲಿಂಗಿನ ತೇವದ ಕಲೆ ಎದ್ದು ಕಾಣುವ ಹಾಗೆ, ಬಾಗಿಲ ಸಂದಿಯ ಬಿರುಕು ಕಾಣುವ ಹಾಗೆ, ನೋಡಿದವರು ಥೂ ಅಂದು ಮುಂದಿನ ಮನೆಗೆ ಹೋಗಬೇಕು, ಹಾಗೆ — ಬಿಸಿಲು ನೆಲಕ್ಕಿಳಿಯಿತು. ಎಂಥ ಬಿಸಿಲು. ಬೆನ್ನು ತಾನಾಗಿ ಮೂಲೆ ಸೇರಿತು, ಮಂಡಿ ಬಾಗಿತು, ಲೆನ್ಸು ಬದಲಾದದ್ದು ಯಾವಾಗ, ಬೇಡ, ಬೇಡ ಕಣೇ, ಕಲೆ ಚೌಕಟ್ಟಿನಿಂದಾಚೆ ಹೋಯಿತು, ಬಿರುಕು ನೆರಳಲ್ಲಿ ಮುಳುಗಿತು, ಉಳಿದದ್ದು ಬಿಸಿಲು ಬಿದ್ದ ಖಾಲಿ ನೆಲ, ಬೆರಳು ಒತ್ತಿಬಿಟ್ಟಿತು. ದರಿದ್ರದ ಕೈ, ಹನ್ನೊಂದು ವರ್ಷ ಅನ್ನ ಹಾಕಿದ ಕೈ, ಕೆಟ್ಟದಾಗಿ ತೆಗೆಯುವುದನ್ನು ಅದು ಕಲಿಯಲೇ ಇಲ್ಲ.

ಎಲ್ಲಿ, ತೋರಿಸು — ಪ್ಯಾಸೇಜಿನಿಂದ ಅಪ್ಪ ಕೈ ಚಾಚಿದ್ದಾನೆ, ದಿನಾ ಅವಳು ತೆಗೆದ ಮನೆಗಳನ್ನು ನೋಡುವುದು ಅವನಿಗೊಂದು ಚಟ, ಕೊಡದಿದ್ದರೆ ಅನುಮಾನ ಬರುತ್ತದೆ, ಕೊಟ್ಟಳು, ಈಗ ಗೊತ್ತಾಗುತ್ತದೆ, ಈಗ ಕೇಳುತ್ತಾನೆ, ನಮ್ಮ ಮನೆಯನ್ನ ಯಾಕೆ ತೆಗೆದೆ ಅಂತ. ಅಪ್ಪ ಕ್ಯಾಮೆರಾವನ್ನು ಹತ್ತಿರ ಹಿಡಿದ, ದೂರ ಹಿಡಿದ, ಒಂದು ಕಣ್ಣು ಮುಚ್ಚಿ ಅಳೆದ. ಇದು ನಿನ್ನೆ ಹೋಗಿದ್ಯಲ್ಲ, ಆ ಮನೇನಾ, ಭಾರಿ ಇದೆ ಕಣೇ, ಹದಿನಾರು ಅಡಿಗೆ ಮೋಸ ಇಲ್ಲ, ಮಂಚ ಇಲ್ಲಿ, ಮೆಷಿನ್ ಈ ಕಿಟಕಿ ಕೆಳಗೆ, ಆದ್ರೂ ಜಾಗ ಉಳಿಯುತ್ತೆ, ನೋಡು ಬೆಳಕು ಹೆಂಗಿದೆ, ಬಾಡಿಗೆ ಎಷ್ಟಂತೆ, ಸುಮ್ನೆ ಕೇಳು, ಈ ಇಕ್ಕಟ್ಟಲ್ಲಿ ಎಷ್ಟು ದಿನ ಅಂತ, ನಮ್ಮ ಕೈಗೆಟುಕೋ ಹಾಗಿದ್ರೆ ಅಲ್ಲಿಗೇ ಹೋಗೋಣ. ಅಪ್ಪನ ಬೆರಳು ಪರದೆಯ ಮೇಲೆ ಮಂಚ ಹಾಕುತ್ತಿದೆ, ಮೆಷಿನ್ ಹಾಕುತ್ತಿದೆ, ಅವಳು ಬಾಯಿ ತೆರೆದಳು, ಅಪ್ಪ, ಅದು — ಬಿಸಿಲು ಬಿದ್ದ ಖಾಲಿ ನೆಲ, ಎಷ್ಟು ಅಗಲ, ಅಪ್ಪ, ಅದು — ಬಿಸಿಲು ಬಿದ್ದ ಖಾಲಿ ನೆಲ, ಯಾರೂ ಇಲ್ಲ ಅದರಲ್ಲಿ, ಯಾರೂ