ಕತ್ತರಿಸಿಟ್ಟ ತುಣುಕು

ಮಗಳು ಮಣಿಕಟ್ಟು ಒತ್ತಿ ಹಿಡಿದು ತನ್ನ ನಾಡಿ ತಾನೇ ನೋಡಿಕೊಳ್ಳುತ್ತಿದ್ದಳು. ಬೆಳಗಿನಿಂದ ಇದು ಎಷ್ಟನೇ ಸಲವೋ.

"ಕೈ ಬಿಡೇ, ಕೆಂಪಗಾಗಿದೆ," ಚಿಕ್ಕಮ್ಮ ಗದರಿದಳು. "ನಿನಗೇನೂ ಆಗಲ್ಲ."

"ಅಮ್ಮನಿಗೂ ಏನೂ ಆಗಿರಲಿಲ್ಲ ಚಿಕ್ಕಮ್ಮ. ತಾತನ ಥರಾನೇ ಕೂತಲ್ಲೇ ಹೋದಳು."

ಚಿತಾಗಾರದ ಹೊರಗೆ ಉದ್ದನೆಯ ಬೆಂಚು. ಅಮ್ಮನ ಸರದಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಆ ತುದಿಯಲ್ಲಿ ಅಮ್ಮನ ಸಹೋದ್ಯೋಗಿ ತೊಡೆಯ ಮೇಲೆ ಚೀಲವಿಟ್ಟುಕೊಂಡು ಕುಳಿತಿದ್ದ. ಅಮ್ಮ ಅವನನ್ನು ಗಡ್ಡಪ್ಪ ಎಂದೇ ಕರೆಯುತ್ತಿದ್ದಳು.

ರಕ್ತದಿಂದ ಚೂರುಚೂರಾಗಿ ಸಿಗುವ ವಂಶವಾಹಿಯ ಅಕ್ಷರಗಳನ್ನು ಜೋಡಿಸಿ ಓದುವ ತಂತ್ರಾಂಶ ಬರೆಯುವುದರಲ್ಲೇ ಅಮ್ಮನ ಆಯುಷ್ಯ ಕಳೆದಿತ್ತು. ಎಷ್ಟೋ ಆಸ್ಪತ್ರೆಗಳು ಅದನ್ನು ಬಳಸುತ್ತಿದ್ದವು. ಸರಿಯಾಗಿ ಓದುತ್ತದೆಯೇ ಎಂದು ಪರೀಕ್ಷಿಸಲು ಅದರ ಜೊತೆ ಕೊಡುತ್ತಿದ್ದ ಮಾದರಿ ಅಮ್ಮನ ರಕ್ತದ್ದೇ.

"ಅಂಕಲ್, ಹೃದಯದ ಈ ಕಾಯಿಲೆ ವಂಶದಲ್ಲಿ ಬಂದಿದ್ದಾ ಅಂತ ಆ ಮಾದರೀಲಿ ನೋಡಿದ್ರೆ ಗೊತ್ತಾಗಲ್ವಾ?"

ಗಡ್ಡಪ್ಪ ಚೀಲದ ಪಟ್ಟಿ ತಿರುಚಿದ. "ಅದು ಗೊತ್ತಾಗೋ ಜಾಗಾನೇ ಮಾದರೀಲಿ ಖಾಲಿ ಇದೆಯಮ್ಮ. ಪ್ರೋಗ್ರಾಂ ತಪ್ಪು ಅಂತ ಜನ ಬೈದ್ರು. ತಪ್ಪಲ್ಲ. ನಿಮ್ಮಮ್ಮನೇ ಕತ್ತರಿಸಿ ತೆಗೆದಿದ್ದು."

*

"ಮೇಡಂ, ಇಲ್ಲೇನು ತೂತು?" ವರ್ಷಗಳ ಹಿಂದೆ, ಮಾದರಿಯ ಖಾಲಿ ಜಾಗ ತೋರಿಸಿ ಗಡ್ಡಪ್ಪ ಕೇಳಿದ್ದ.

ಅಮ್ಮ ಊಟದ ಡಬ್ಬಿಯಿಂದ ತಲೆಯೆತ್ತಲಿಲ್ಲ. "ಅದು ಇದ್ರೆ ಅಪ್ಪನ ಕಾಯಿಲೆ ನನಗೂ ಬಂದಿದೆಯಾ ಅಂತ ಗೊತ್ತಾಗ್ಬಿಡುತ್ತಲ್ಲೋ."

"ಗೊತ್ತಾಗ್ಲಿ. ಅದಕ್ಕೇ ತಾನೆ ನಾವು ಇಷ್ಟೆಲ್ಲ ಕಣ್ಣು ಹಾಳ್ಮಾಡ್ಕೊಳ್ಳೋದು?"

"ಊರೋರಿಗೆಲ್ಲ ಹಾಗೇ ಹೇಳ್ತೀನಿ. ಆದ್ರೆ ಸಂಜೆ ನನ್ನ ಮಗಳ ಓಟದ ಪಂದ್ಯ ಇದೆ. ಅವಳು ಓಡೋವಾಗ ನಾನು ಚಪ್ಪಾಳೆ ತಟ್ಟಬೇಕು ಗಡ್ಡಪ್ಪ, ಉಸಿರು ಬಿಗಿಹಿಡ್ಕೊಂಡು ಕೂರಬಾರದು. ಆಮೇಲೆ ನೋಡೋಣ."

ಪಂದ್ಯಗಳು ಮುಗಿದವು, ಮಗಳು ದೊಡ್ಡವಳಾದಳು. ತಂತ್ರಾಂಶ ಹೊಸದಾದಾಗಲೆಲ್ಲ ಆ ತೂತು ಹಾಗೇ ಉಳಿಯಿತು.

*

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಮಗಳು ಎದ್ದು ಗೋಡೆಯವರೆಗೆ ನಡೆದಳು, ತಿರುಗಿ ಬಂದಳು. "ಲೋಕದವರದ್ದೆಲ್ಲ ಓದಿದಳಲ್ಲ!"

ಗಡ್ಡಪ್ಪ ಚೀಲ ತಟ್ಟಿದ. "ಕತ್ತರಿಸದೇ ಇರೋ ಮೂಲ ನನ್ನ ಹತ್ರ ಇದೆ. ಬೆಳಗ್ಗೆಯಿಂದ ಹೊತ್ಕೊಂಡು ತಿರುಗ್ತಿದ್ದೀನಿ. ಅದರಲ್ಲಿ ದೋಷ ಸಿಕ್ಕಿದ್ರೆ ನಿನಗೂ ಬಂದಿರಬಹುದು. ಪರೀಕ್ಷೆ ಮಾಡಿಸ್ಕೋಬಹುದು, ಔಷಧಿ ಇದೆ. ಬೇಡ ಅಂದ್ರೆ ಈಗಲೇ ಅಳಿಸಿಬಿಡ್ತೀನಿ."

"ಇವತ್ತೊಂದಿನ ಸುಮ್ನಿರಿ ಇಬ್ಬರೂ," ಎಂದಳು ಚಿಕ್ಕಮ್ಮ.

ಮಗಳು ಕುಳಿತಳು. ಕೈ ಮತ್ತೆ ಮಣಿಕಟ್ಟಿಗೆ ಹೋಯಿತು.

"ಹಾಕಿ, ಅಂಕಲ್."

ಅವನು ಲ್ಯಾಪ್‌ಟಾಪ್ ತೆರೆದ. ಅಮ್ಮ ಬರೆದ ತಂತ್ರಾಂಶ ಅಮ್ಮನನ್ನೇ ಓದಲು ತೊಡಗಿತು.

"ಸ್ವಲ್ಪ ಹೊತ್ತಾಗುತ್ತೆ. ಮುಚ್ಚಬೇಡ ಮಾತ್ರ. ಮುಚ್ಚಿದ್ರೆ ನಿಂತುಹೋಗುತ್ತೆ, ಮತ್ತೆ ಮೊದಲಿಂದ ಶುರು."

ಅಷ್ಟರಲ್ಲಿ ಬಾಗಿಲು ತೆರೆಯಿತು. "ಹತ್ತಿರದೋರು ಒಳಗೆ ಬನ್ನಿ," ಎಂದು ಸಿಬ್ಬಂದಿ ಕರೆದ.

"ಅದನ್ನ ಇಲ್ಲೇ ಇಟ್ಟು ಬಾರೇ, ಜನ ಏನಂದ್ಕೊಳ್ತಾರೆ!" ಎಂದಳು ಚಿಕ್ಕಮ್ಮ.

ಮಗಳು ತೆರೆದ ಲ್ಯಾಪ್‌ಟಾಪನ್ನು ಎರಡೂ ಅಂಗೈಗಳ ಮೇಲೆ, ತುಂಬಿದ ಪಾತ್ರೆ ತುಳುಕದಂತೆ ಹಿಡಿದ ಹಾಗೆ ಎತ್ತಿಕೊಂಡು ಒಳನಡೆದಳು. ಜನ ಸರಿದು ದಾರಿಬಿಟ್ಟರು. ಅವಳು ಬಾಗಿದಾಗ ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆಯ ನುಣುಪು ಮರದ ಮೇಲೆ ಪರದೆಯ ಬೆಳಕು ಬಿತ್ತು. ಆ ಬೆಳಕಿನಲ್ಲಿ ಅಕ್ಷರಗಳ ಸಾಲುಗಳು ಒಂದರ ಹಿಂದೊಂದು ಮೇಲಕ್ಕೆ ಸರಿಯುತ್ತಲೇ ಇದ್ದವು.